ಗಂಟೆ ಬಾರಿಸುವ ಹೊತ್ತಿನ ಪಾಠ

ಬರುವ ಭಾನುವಾರಕ್ಕೆ ನಮ್ಮ ರೇಡಿಯೋದ ಹೊರದೇಶ ಸೇವೆ ಬಂದ್ ಎಂದು ನಿರ್ದೇಶಕರು ಹೇಳಿದ್ದು ಸೋಮವಾರ ಬೆಳಿಗ್ಗೆ. ಹೇಗೆ ಹೇಳಿದರು ಅಂತೀರಿ? ಚಹಾ ಲೋಟವನ್ನು ಕೈಯಲ್ಲಿ ಹಿಡಿದು, ನನ್ನ ಮುಖ ನೋಡದೆ, ಲೋಟದೊಳಗೆ ನೋಡುತ್ತ. ಎಷ್ಟೋ ವರ್ಷ ನನ್ನ ದನಿ ಸಮುದ್ರ ದಾಟಿ ಹೋಗುತ್ತಿದ್ದ ಕೆಲಸಕ್ಕೆ ಆ ಮನುಷ್ಯ ಕೊಟ್ಟ ಮರ್ಯಾದೆ ಅಷ್ಟು. ಲೋಟದಲ್ಲಿ ನೊಣ ಬಿದ್ದಿದ್ದರೆ ಇನ್ನೂ ಸ್ವಲ್ಪ ಹೆಚ್ಚು ಬೇಜಾರು ಮಾಡಿಕೊಳ್ಳುತ್ತಿದ್ದರೇನೋ.

ನಾವು ಅವರಿಗೆ ಇಟ್ಟಿದ್ದ ಹೆಸರು ನೋಡೋಣ ಸಾಹೇಬರು. ಏನು ಕೇಳಿದರೂ ಅವರ ಬಾಯಲ್ಲಿ ಬರುವುದು ಅದೊಂದೇ. ಸ್ಟುಡಿಯೋದ ಬಾಗಿಲು ಕಿರುಗುಟ್ಟುತ್ತದೆ, ಎಣ್ಣೆ ಹಾಕಿಸಿ ಎಂದರೆ, 'ನೋಡೋಣ'. ಫ್ಯಾನ್ ಹಾಕಿದರೆ ಮೈಕಿನಲ್ಲಿ ಕೇಳಿಸುತ್ತೆ, ಹಾಕದಿದ್ದರೆ ಬೆವರಿ ಸಾಯುತ್ತೇವೆ ಎಂದರೆ, 'ನೋಡೋಣ'. ಬಾಗಿಲು ಈಗಲೂ ಕಿರುಗುಟ್ಟುತ್ತದೆ. ಮುಚ್ಚುವ ವಿಷಯ ಬಂದಾಗ ಮಾತ್ರ ನೋಡುವುದು ಗೀಡುವುದು ಏನೂ ಇರಲಿಲ್ಲ, ಎಲ್ಲ ನೋಡಿ ಮುಗಿದಿತ್ತು.

"ಈಗ ರೇಡಿಯೋ ಯಾರಮ್ಮಾ ಕೇಳ್ತಾರೆ? ಎಲ್ಲಾ ಫೋನಲ್ಲೇ ಸಿಗುತ್ತೆ," ಎಂದರು.

"ಸಾರ್, ನೀವು ನಮ್ಮ ಕಾರ್ಯಕ್ರಮ ಒಂದಾದ್ರೂ ಕೇಳಿದೀರಾ?"

"ಇಲ್ಲಿ ಬರೋದೇ ಇಲ್ವಲ್ಲಮ್ಮಾ!"

ಅದು ನಿಜ. ನಮ್ಮ ಶಾರ್ಟ್‌ವೇವ್ ಅಲೆ ಗೋಪುರದಿಂದ ಹೊರಟು, ಆಕಾಶಕ್ಕೆ ತಾಗಿ, ನಮ್ಮೂರಿನ ತಲೆಯ ಮೇಲಿಂದ ಹಾರಿ ಎಲ್ಲೋ ದೂರದ ದೇಶದಲ್ಲಿ ಇಳಿಯುತ್ತದೆ. ಈ ಊರಿನಲ್ಲಿ ಕೂತು ಕಿವಿ ಕಿತ್ತು ರೇಡಿಯೋಗೆ ಅಂಟಿಸಿದರೂ ಗೊರಗೊರ ಬಿಟ್ಟು ಏನೂ ಕೇಳದು. ಅಂದರೆ, ಒಂದು ದಿನವೂ ಕೇಳದವರು, ಕೇಳಲು ಸಾಧ್ಯವೇ ಇಲ್ಲದವರು, ಯಾರೂ ಕೇಳುವುದಿಲ್ಲ ಎಂದು ತೀರ್ಮಾನ ಮಾಡಿಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

"ಇನ್ನೊಂದು ವಿಷಯ. ಸುದ್ದಿ ಮೇಲಿನಿಂದ ಅಧಿಕೃತವಾಗಿ ಬರೋವರೆಗೂ ಕೇಳುಗರಿಗೆ ಏನೂ ಹೇಳೋ ಹಾಗಿಲ್ಲ. ಈ ವಾರ ಹೊಸದೇನೂ ಬೇಡ, ಹಳೇ ಕಾರ್ಯಕ್ರಮಗಳನ್ನೇ ಹಾಕಿ. ಬುಧವಾರ ಪಾಠದ ಬದಲು ನಮ್ಮ ಸೇತುವೆಗಳ ಬಗ್ಗೆ ಒಂದು ಭಾಷಣ ಇದೆ."

"ಪಾಠ ಅರ್ಧಕ್ಕೆ ನಿಲ್ಲಿಸೋದಾ ಸಾರ್?"

"ನೋಡೋಣ," ಎಂದು ಲೋಟ ಕೆಳಗಿಟ್ಟು ಎದ್ದು ಹೋದರು.

ಪಾಠ ಎಂದರೇನು ಎಂದು ಹೇಳಿಬಿಡುತ್ತೇನೆ. ವಾರವಿಡೀ ನಾವು ಆ ದೂರದ ದೇಶದವರಿಗೆ ಅವರ ಭಾಷೆಯಲ್ಲೇ ಸುದ್ದಿ, ಸಂಗೀತ, ಆರೋಗ್ಯ, ನಾಟಕ ಎಲ್ಲ ಕೊಡುತ್ತೇವೆ. ಬುಧವಾರ ಮಾತ್ರ ಅವರಿಗೆ ನಮ್ಮ ಭಾಷೆ ಕಲಿಸುತ್ತೇವೆ. ಕಲಿಸುವ ಕ್ರಮ ಬಹಳ ಸುಲಭ. ನಾನು ಒಂದು ಮಾತು ಹೇಳುತ್ತೇನೆ, ಸುಮ್ಮನಿರುತ್ತೇನೆ, ಆ ಮೌನದಲ್ಲಿ ಅವರು ಹೇಳಬೇಕು. ಮತ್ತೊಮ್ಮೆ ನಾನು ಹೇಳುತ್ತೇನೆ, ಅವರು ತಿದ್ದಿಕೊಳ್ಳಬೇಕು. ಅಷ್ಟೇ. ಅಂಗಡಿಯಲ್ಲಿ ಹೇಗೆ ಮಾತಾಡುವುದು, ರೈಲು ನಿಲ್ದಾಣದಲ್ಲಿ ಹೇಗೆ, ವೈದ್ಯರ ಹತ್ತಿರ ಹೇಗೆ ಎಂಬುದೆಲ್ಲ ಮುಗಿದಿತ್ತು. ಈ ವಾರ ಬರಬೇಕಾಗಿದ್ದು 'ಮಕ್ಕಳ ಜೊತೆ' ಎಂಬ ಪಾಠ.

ಸಾಹೇಬರು ಹೋದ ಮೇಲೆ ತಂತಿಯಣ್ಣ ಕೇಳುಗರ ಫೋನಿನ ಪಕ್ಕದ ಯಂತ್ರದ ಗುಂಡಿ ಒತ್ತಿದ. ತಂತಿಯಣ್ಣ ನಮ್ಮ ತಂತ್ರಜ್ಞ. ಕೊರಳಿನಲ್ಲಿ ಯಾವಾಗಲೂ ಒಂದು ತಂತಿ ನೇತಾಡುತ್ತಿರುವುದರಿಂದ ಆ ಹೆಸರು. ನಾನು, ಅವನು, ಕಿರುಗುಟ್ಟುವ ಬಾಗಿಲು, ಇಷ್ಟೇ ಉಳಿದಿದ್ದ ಸೇವೆ ನಮ್ಮದು. ಕೇಳುಗರು ಫೋನ್ ಮಾಡಿ ಬಿಟ್ಟ ಮಾತುಗಳೆಲ್ಲ ಆ ಯಂತ್ರದಲ್ಲಿ ಇರುತ್ತವೆ.

ಬಂದಿದ್ದು ಪಾಠದಜ್ಜಿಯ ದನಿ. ಆಕೆ ನಮ್ಮ ಅತಿ ನಿಷ್ಠೆಯ ವಿದ್ಯಾರ್ಥಿನಿ. ಮಗ ನಮ್ಮ ದೇಶಕ್ಕೆ ಕೆಲಸಕ್ಕೆ ಬಂದು, ಇಲ್ಲಿನ ಹುಡುಗಿಯನ್ನೇ ಮದುವೆಯಾಗಿ, ಇಲ್ಲೇ ನೆಲೆ ನಿಂತಿದ್ದಾನೆ. ಮೊಮ್ಮಗಳಿಗೆ ಅಪ್ಪನ ಭಾಷೆ ಬರುವುದಿಲ್ಲ, ಅಜ್ಜಿಗೆ ಮೊಮ್ಮಗಳ ಭಾಷೆ ಬರುವುದಿಲ್ಲ. ಅದಕ್ಕೇ ಅಜ್ಜಿ ಈ ವಯಸ್ಸಿನಲ್ಲಿ ರೇಡಿಯೋ ಮುಂದೆ ಕೂತು ಕಲಿಯುತ್ತಿರುವುದು.

"ನಮಸ್ಕಾರ ಟೀಚರ್," ಎಂದಿತು ದನಿ, ಒಂದೊಂದೇ ಮೆಟ್ಟಿಲು ಇಳಿಯುವವರ ಹಾಗೆ. "ನನ್ನ ಮೊಮ್ಮಗಳು ಭಾನುವಾರ ಬರುತ್ತಾಳೆ. ಮೊದಲ ಸಲ ಬರುತ್ತಾಳೆ. ನನಗೆ ಟೊಮೆಟೊ ಬೆಲೆ ಕೇಳಲು ಬರುತ್ತದೆ. ಎರಡನೇ ಪ್ಲಾಟ್‌ಫಾರ್ಮ್ ಎಲ್ಲಿ ಎಂದು ಕೇಳಲು ಬರುತ್ತದೆ. ಮಗುವಿಗೆ ಏನು ಹೇಳಲಿ? ಟಿಕೆಟ್ ಎಲ್ಲಿ ಎಂದು ಕೇಳಲೇ? ಬುಧವಾರ ಬೇಗ ಬರಲಿ. ನಾನು ದಿನವೂ ಮೊದಲೇ ಕೂತು ಗಂಟೆ ಕೇಳುತ್ತೇನೆ." ಆಮೇಲೆ ತನ್ನ ಫೋನ್ ನಂಬರನ್ನು ನಾವು ಕಲಿಸಿದ ಅಂಕಿಗಳಲ್ಲಿ, ಎಂದಿನಂತೆ ಜಂಬದಿಂದ, ಒಂದೂ ತಪ್ಪಿಲ್ಲದೆ ಹೇಳಿತು.

ತಂತಿಯಣ್ಣ ನಕ್ಕ. ನನಗೆ ನಗು ಬರಲಿಲ್ಲ. ಆ ಮುದುಕಿ ಮೊಮ್ಮಗಳನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಟೊಮೆಟೊ ಬೆಲೆ ಕೇಳುವುದು ಕಣ್ಣ ಮುಂದೆ ಬಂತು.

ಮಂಗಳವಾರ ಸಾಹೇಬರ ಕೋಣೆಗೆ ಹೋದೆ. ಹೋಗಿ ಬೇಡಿಕೊಂಡೆ ಎಂದೇ ಹೇಳಬೇಕು, ನಾನು ಯಾರ ಹತ್ತಿರವೂ ಹಲ್ಲು ಗಿಂಜುವವಳಲ್ಲ, ಆದರೂ. ಸೇತುವೆಗಳು ಎಲ್ಲೂ ಓಡಿಹೋಗುವುದಿಲ್ಲ ಸಾರ್, ಒಂದೇ ಒಂದು ಪಾಠ ಬಿಡಿ ಎಂದೆ. ವೇಳಾಪಟ್ಟಿ ಮೇಲಕ್ಕೆ ಹೋಗಿ ಸಹಿಯಾಗಿ ಬಂದಿದೆ, ಒಂದು ನಿಮಿಷವೂ ಅಲ್ಲಾಡಿಸುವ ಹಾಗಿಲ್ಲ ಎಂದರು.

"ಒಬ್ಬ ಅಜ್ಜಿಗೋಸ್ಕರ ವೇಳಾಪಟ್ಟಿ ಬದಲಾಯಿಸೋಕಾಗುತ್ತೇನಮ್ಮಾ?"

ಹಾಗಾದರೆ ಯಾರಿಗೋಸ್ಕರ ಬದಲಾಯಿಸುತ್ತಾರಂತೆ? ಮಂತ್ರಿಗಳ ಭಾವಮೈದುನ ಕೊಳಲು ಊದಿದಾಗ ಇಡೀ ಶುಕ್ರವಾರವನ್ನೇ ಎತ್ತಿ ಶನಿವಾರಕ್ಕೆ ಎಸೆದಿದ್ದರಲ್ಲ, ಆಗ ಸಹಿ ಎಲ್ಲಿ ಹೋಗಿತ್ತು? ಇದನ್ನು ಅಲ್ಲೇ ಕೇಳಿದೆ ಕೂಡ. 'ನೋಡೋಣ' ಎಂದರು. ಬುಧವಾರ ಸೇತುವೆಗಳು ಸಮುದ್ರ ದಾಟಿ ಹೋದವು, ಒಂದಾದ ಮೇಲೊಂದು, ಉದ್ದ ಅಗಲದ ಸಮೇತ. ನಾನು ಗಾಜಿನ ಈಚೆ ಕೂತು ಹಲ್ಲು ಕಡಿದೆ.

ದಾರಿ ಹೊಳೆದದ್ದು ತಂತಿಯಣ್ಣನಿಗೆ. "ಅಕ್ಕಾ, ಗಂಟೆ ಇದೆಯಲ್ಲ," ಎಂದ.

ದಿನವೂ ಕಾರ್ಯಕ್ರಮಕ್ಕೆ ಮುಂಚೆ ಕೆಲವು ನಿಮಿಷ ನಾವು ಬರೀ ಗಂಟೆಗಳ ರಾಗ ಬಿಡುತ್ತೇವೆ. ಅದೊಂದೇ ರಾಗ, ತಿರುಗಿ ತಿರುಗಿ. ದೂರದಲ್ಲಿ ಕೂತವರು ರೇಡಿಯೋದ ಮುಳ್ಳು ತಿರುಗಿಸುತ್ತ ಹೋಗುವಾಗ, ಆ ಗದ್ದಲದ ನಡುವೆ ಗಂಟೆ ಸಿಕ್ಕಿದರೆ, ಇದೇ ನಮ್ಮ ಜಾಗ ಎಂದು ಕೈ ನಿಲ್ಲಿಸಲಿ ಎಂಬುದಕ್ಕೆ. ವೇಳಾಪಟ್ಟಿಯಲ್ಲಿ ಆ ಹೊತ್ತಿಗೆ ಹೆಸರಿಲ್ಲ. ಅದಕ್ಕೆ ಸಹಿಯಿಲ್ಲ, ಯಜಮಾನರೂ ಇಲ್ಲ. ಸಾಹೇಬರಂತೂ ಕೇಳುವ ಮಾತೇ ಇಲ್ಲ, ಅಲೆ ಅವರ ತಲೆ ಮೇಲಿಂದ ಹಾರಿ ಹೋಗುತ್ತದಲ್ಲ! ಅವರ ಅದೇ ಕಾರಣ ನಮಗೆ ಬಾಗಿಲು ತೆರೆಯಿತು.

ಗುರುವಾರ ಸಂಜೆ ಗಂಟೆಯ ರಾಗ ಎರಡು ಸುತ್ತು ಮುಗಿದ ಮೇಲೆ ತಂತಿಯಣ್ಣ ಅದರ ದನಿ ತಗ್ಗಿಸಿದ. ನಾನು ಮೈಕಿನ ಹತ್ತಿರ ಬಾಗಿದೆ. "ಪಾಠದಜ್ಜೀ, ಕೇಳ್ತಿದೀರಾ? ಇವತ್ತು ಮಕ್ಕಳ ಜೊತೆ ಮಾತಾಡೋಣ. ಬಾ ಪುಟ್ಟೀ." ಮೌನ. "ಬಾ ಪುಟ್ಟೀ." ಮೌನ. "ಊಟ ಆಯ್ತಾ?" ಮೌನ. ಆ ಮೌನದೊಳಗೆ ಎಲ್ಲೋ ಒಂದು ಕೋಣೆಯಲ್ಲಿ ಒಬ್ಬ ಮುದುಕಿ ಹೇಳುತ್ತಿದ್ದಾಳೆ ಎಂದುಕೊಂಡಾಗ ನನ್ನ ಕೋಪವೂ ಒಂದು ಗಳಿಗೆ ಕೆಳಗೆ ಕೂತಿತು. ಶುಕ್ರವಾರ 'ನನ್ನ ಪಕ್ಕ ಕೂತ್ಕೋ', 'ಅಪ್ಪ ಚಿಕ್ಕೋನಿದ್ದಾಗ ಹಿಂಗೇ ಇದ್ದ', 'ಹೆದರ್ಬೇಡ, ನಾನಿದೀನಿ'.

ನಮ್ಮಲ್ಲಿ ಒಂದು ರೂಢಿ. ಪಾಠ ಮುಗಿದಾಗ ನಾನು ಬಲಗೈ ಎತ್ತುತ್ತೇನೆ, ತಂತಿಯಣ್ಣ ಮೈಕ್ ಬಂದ್ ಮಾಡುತ್ತಾನೆ. ಕೈ ಎತ್ತುವವರೆಗೆ ನನ್ನ ಮಾತೆಲ್ಲ ಪಾಠವೇ. ನಡುವೆ ಕೆಮ್ಮಿದರೂ ಅವನು ಮುಟ್ಟುವುದಿಲ್ಲ.

ಶನಿವಾರ ಕೊನೆಯ ಮಾತು ಹೇಳಿದೆ. 'ಮತ್ತೆ ಬೇಗ ಬಾ ಕಂದಾ.' ಹೇಳಿ ತಲೆ ಎತ್ತಿದರೆ ಎದುರಿಗೆ ಗೋಡೆಯ ಮೇಲೆ ಹೊಸದೊಂದು ನೋಟೀಸು. ಮಧ್ಯಾಹ್ನ ನಾನಿಲ್ಲದಾಗ ಅಂಟಿಸಿ ಹೋಗಿದ್ದಾರೆ. ಭಾನುವಾರದ ಪ್ರಸಾರ ಪೂರ್ತಿ ಧ್ವನಿಮುದ್ರಿಕೆಯಿಂದ; ಉದ್ಘೋಷಕಿ ಸ್ಟುಡಿಯೋ ಪ್ರವೇಶಿಸುವಂತಿಲ್ಲ. ಕೆಳಗೆ ಸಾಹೇಬರ ಸಹಿ, ಬಾಲ ಸುತ್ತಿಕೊಂಡು ಮಲಗಿದ ಬೆಕ್ಕಿನ ಹಾಗೆ. ಅಂದರೆ ಕೊನೆಯ ದಿನ ನನ್ನ ಬಾಯಿಂದ ಎಲ್ಲಿ ಸತ್ಯ ಹೊರಬಿದ್ದೀತೋ ಎಂದು ಬಾಗಿಲಿಗೇ ಬೀಗ! ಕೈ ಎತ್ತುವುದು ಮರೆತೇಹೋಯಿತು. ಆ ಸಹಿಯನ್ನೇ ನೋಡುತ್ತ, ಒಳ್ಳೆ ಸ್ಪಷ್ಟವಾಗಿ, "ನಾಚಿಕೆ ಆಗಲ್ವಾ ನಿಮಗೆ?" ಎಂದೆ. ನೋಟೀಸನ್ನು ಇನ್ನೊಮ್ಮೆ ಓದುತ್ತ ಸುಮ್ಮನಾದೆ. ಮತ್ತೆ ಅಂದೆ. "ನಾಚಿಕೆ ಆಗಲ್ವಾ ನಿಮಗೆ?"

ಗಾಜಿನ ಆಚೆ ತಂತಿಯಣ್ಣ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ಕೆಂಪು ದೀಪದ ಕಡೆ ಕಣ್ಣು ತೋರಿಸುತ್ತಿದ್ದ. ಮಾತು ಹೋಗಿ ಆಗಿತ್ತು, ಆಕಾಶಕ್ಕೆ ತಾಗಿ ಇಳಿದೂ ಆಗಿತ್ತು.

ಭಾನುವಾರ ಹಳೆಯ ಧ್ವನಿಮುದ್ರಿಕೆ ಓಡಿತು. ಅದರ ಕೊನೆಯಲ್ಲಿ ನನ್ನದೇ ದನಿ, ಯಾವುದೋ ಒಳ್ಳೆಯ ದಿನದ ದನಿ, ನಾಳೆ ಇದೇ ಹೊತ್ತಿಗೆ ಮತ್ತೆ ಭೇಟಿಯಾಗೋಣ ಎಂದು ನಗುನಗುತ್ತ ಹೇಳಿತು. ನನ್ನ ಬಾಯಿಂದಲೇ ನನ್ನ ಕೇಳುಗರಿಗೆ ಸುಳ್ಳು ಹೇಳಿಸಿದರು. ಹೊರಗೆ ಮೆಟ್ಟಿಲ ಮೇಲೆ ಕೂತು ಬಾಗಿಲ ಸಂದಿಯಿಂದ ಕೇಳುತ್ತಿದ್ದ ನನಗೆ ಅದನ್ನು ತಡೆಯಲಾಗಲಿಲ್ಲ. ಅತ್ತೆ. ಅತ್ತೆ ಎಂದು ಹೇಳಲು ನನಗೇನೂ ಸಂಕೋಚವಿಲ್ಲ, ಸಂಕೋಚ ಪಡಬೇಕಾದವರು ಬೇರೆ ಇದ್ದಾರೆ.

ಸೋಮವಾರ ಸಂಜೆ, ಮಾಮೂಲು ಗಂಟೆ ಬಾರಿಸುವ ಹೊತ್ತಿಗೆ, ಸಾಹೇಬರು ಬೀಗದ ಕೈ ತೆಗೆದುಕೊಳ್ಳಲು ಬಂದರು. ತಂತಿಯಣ್ಣ ತಂತಿಗಳನ್ನು ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದ. ಫೋನು, ಯಂತ್ರ ಎರಡೂ ಇನ್ನೂ ಮೇಜಿನ ಮೇಲಿದ್ದವು. ಯಂತ್ರದ ದೀಪ ಮಿನುಗುತ್ತಿತ್ತು.

"ಅದನ್ನೂ ಪ್ಯಾಕ್ ಮಾಡ್ಬಿಡಿ," ಎಂದರು ಸಾಹೇಬರು.

"ಇರಿ ಸಾರ್. ಯಾರೂ ಕೇಳಲ್ಲ ಅಂದ್ರಲ್ಲ, ಯಾರು ಮಾತಾಡಿದಾರೆ ನೋಡೋಣ," ಎಂದು ಗುಂಡಿ ಒತ್ತಿದೆ.

"ನಮಸ್ಕಾರ ಟೀಚರ್! ಪುಟ್ಟಿ ಬಂದಳು! ಊಟ ಆಯ್ತಾ ಎಂದೆ. ಆಯ್ತು ಎಂದಳು! ನನ್ನ ಪಕ್ಕ ಕೂತಳು!" ಅಜ್ಜಿಯ ದನಿ ಕುಣಿಯುತ್ತಿತ್ತು. "ನಿಮಗೆ ಧನ್ಯವಾದ. ನಾಳೆ ಮತ್ತೆ ಪಾಠ ಕೊಡಿ." ಆಮೇಲೆ, ಹಿರಿಯರಿಗೆ ಕೈಮುಗಿಯುವ ವಿನಯದಿಂದ, ಬಹಳ ಸಿಹಿಯಾಗಿ, "ನಾಚಿಕೆ ಆಗಲ್ವಾ ನಿಮಗೆ?"

ತಂತಿಯಣ್ಣನ ಕೈಯಿಂದ ಡಬ್ಬ ಜಾರಿತು. ಅಜ್ಜಿ ಅದನ್ನೂ ಪಾಠವೆಂದೇ ಕಲಿತಿದ್ದಳು. ಕ್ರಮ ತಪ್ಪಿರಲಿಲ್ಲವಲ್ಲ, ನಾನು ಒಮ್ಮೆ ಹೇಳಿದ್ದೆ, ಸುಮ್ಮನಿದ್ದೆ, ಮತ್ತೊಮ್ಮೆ ಹೇಳಿದ್ದೆ.

"ಯಾರಮ್ಮಾ ಇವರು? ಯಾಕಮ್ಮಾ ಹಂಗಂತಾರೆ?" ಎಂದರು ಸಾಹೇಬರು, ಮುಖ ಕೆಂಪಾಗಿ.

"ಯಾರೂ ಅಲ್ಲ ಸಾರ್. ಯಾರೂ ಕೇಳಲ್ವಲ್ಲ, ಆ 'ಯಾರೂ' ಇವರೇ," ಎಂದು ನಂಬರ್ ಒತ್ತಿದೆ. ಅದು ನನಗೆ ಬಾಯಿಪಾಠ. ಸ್ಪೀಕರ್ ಹಾಕಿ, ರಿಸೀವರನ್ನು ಸಾಹೇಬರ ಕೈಗೆ ಹಿಡಿಸಿದೆ. ಅವರು ಬೇಡ ಬೇಡ ಎನ್ನುವಷ್ಟರಲ್ಲಿ ಆ ಕಡೆ ಎತ್ತಿದರು.

"ಹಲೋ? ಯಾರು?" ಪುಟ್ಟ ಹುಡುಗಿಯ ದನಿ, ನಮ್ಮ ಭಾಷೆಯಲ್ಲಿ. ರೇಡಿಯೋದಿಂದ ಪುಟ್ಟೀ ಎಂದೆ ನಾನು. "ಪಾಠದವರಾ? ಅಜ್ಜಿ ರೇಡಿಯೋ ಮುಂದೆ ಕೂತಿದಾರೆ. ಗಂಟೆ ಬರ್ತಾನೇ ಇಲ್ವಂತೆ. ಯಾಕೆ ಬರ್ತಿಲ್ಲ?"

ಸಾಹೇಬರು ನನ್ನ ಕಡೆ ನೋಡಿದರು. "ಹೇಳಿ ಸಾರ್," ಎಂದೆ. "ಆರ್ಡರ್ ನಿಮ್ದೇ ತಾನೇ? ನನಗಂತೂ ಹೇಳೋ ಹಾಗಿಲ್ಲ."

"ಅದು... ನೋಡೋಣ ಪುಟ್ಟಿ," ಎಂದರು ಸಾಹೇಬರು.

ಅಲ್ಲಿಗೆ ನನ್ನ ತಾಳ್ಮೆ ತೀರಿತು. ಮೇಜಿನ ಮೇಲೆ ಬಾಗಿ ಹೇಳಿದೆ. "ಪುಟ್ಟೀ, ನೋಡೋದು ಏನೂ ಇಲ್ಲ. ನಮ್ಮ ರೇಡಿಯೋ ಮುಚ್ಬಿಟ್ರು. ಗಂಟೆ ಇನ್ಮೇಲೆ ಬರಲ್ಲ. ಅಜ್ಜೀಗೆ ಹೇಳು, ಅವರು ಕಾಯ್ಕೊಂಡು ಕೂತ್ಕೋಬಾರ್ದು. ನಾನು ಹೋಗ್ಬರ್ತೀನಿ ಅಂದೆ ಅಂತಾನೂ ಹೇಳು. ಅದನ್ನ ಹೇಳೋಕೂ ಬಿಡ್ಲಿಲ್ಲ ನಂಗೆ."

"ಯಾರು ಮುಚ್ಚಿದ್ದು?"

"ಮುಚ್ಚಿದವರು ಇಲ್ಲೇ ಫೋನ್ ಹಿಡ್ಕೊಂಡು ನಿಂತಿದಾರೆ."

ಹುಡುಗಿ ದನಿ ತಗ್ಗಿಸಿದಳು. ಗುಟ್ಟು ಹೇಳುವವಳಂತೆ, "ಅಜ್ಜಿ ನಿನ್ನೆ ಎಲ್ರಿಗೂ ನಾಚಿಕೆ ಆಗಲ್ವಾ ನಿಮಗೆ ಅಂತಿದ್ರು. ಅಮ್ಮಂಗೂ ಅಂದ್ರು! ಅದು ಬೈಯೋ ಮಾತು ಅಂತ ಇವತ್ತು ಬೆಳಿಗ್ಗೆ ನಾನು ಹೇಳ್ಕೊಟ್ಟೆ. ಅಮ್ಮಂಗೆ ಸಾರಿ ಕೇಳಿದ್ರು," ಎಂದಳು. ಅವಳು ಫೋನ್ ಕೆಳಗಿಟ್ಟು ಓಡಿದ ಸದ್ದು ಕೇಳಿಸಿತು. ಅಪ್ಪನನ್ನು ಕರೆದಳು. ದೂರದಲ್ಲಿ ಹುಡುಗಿ ಹೇಳುವುದು, ಅವಳಪ್ಪ ಅದನ್ನು ತನ್ನ ತಾಯಿಯ ಭಾಷೆಗೆ ತಿರುಗಿಸುವುದು ಕೇಳಿಸಿತು. ರೇಡಿಯೋದ ಗೊರಗೊರ ಆ ಮನೆಯಲ್ಲಿ ಇನ್ನೂ ಕೇಳುತ್ತಿತ್ತು. ಅದನ್ನು ಯಾರೋ ಆರಿಸಿದರು.

ಅಜ್ಜಿ ಫೋನಿಗೆ ಬಂದಳು. ನಮಸ್ಕಾರ ಟೀಚರ್ ಎನ್ನಲಿಲ್ಲ. ಸಾಹೇಬರು ರಿಸೀವರನ್ನು ಕೆಳಗಿಡಲು ನೋಡಿದರು. ತಂತಿಯಣ್ಣ ಅವರ ಮೊಣಕೈ ಹಿಡಿದುಕೊಂಡ.

"ನಾಚಿಕೆ ಆಗಲ್ವಾ ನಿಮಗೆ?" ಎಂದಳು ಅಜ್ಜಿ.

ಈ ಸಲ ಉಚ್ಚಾರಣೆಯಲ್ಲೂ ತಪ್ಪಿರಲಿಲ್ಲ, ಅರ್ಥದಲ್ಲೂ ತಪ್ಪಿರಲಿಲ್ಲ. ಆಮೇಲೆ ಆಕೆ ಸುಮ್ಮನಾದಳು. ನಾನು ಕಲಿಸಿದ ಹಾಗೆಯೇ, ಎದುರಿನವರು ಹೇಳಲಿ ಎಂದು ಕಾಯುತ್ತ ಸುಮ್ಮನಿದ್ದಳು.