ಹನ್ನೆರಡು ಮರಿ, ಒಂದು ಅಂಗಿ

ಹನ್ನೆರಡು ಗಿರಿರಾಜ ಕೋಳಿಮರಿಗಳನ್ನು ನಾನು ತಂದದ್ದು ಮೊಟ್ಟೆಗಾಗಿ ಅಲ್ಲ. ತೃಷಾ ನನ್ನ ಕೋಣೆಯಲ್ಲಿ ಮಲಗಲಿ ಎಂದು.

ತೃಷಾ ನನ್ನ ಮಗಳು. ಐದು ವರ್ಷ. ಆರು ತಿಂಗಳಿಂದ ಪಕ್ಕದ ಕೋಣೆಯಲ್ಲಿ ಅನಿಷಾಳ ಜೊತೆ ಮಲಗುತ್ತಾಳೆ. ಅನಿಷಾ ನನ್ನ ತಮ್ಮ ಕೀರ್ತನನ ಹೆಂಡತಿ, ಬಸ್ರೂರಿನವಳು. ಕೀರ್ತನ್ ಪುಣೆಯಲ್ಲಿ ಹೋಟೆಲು ನಡೆಸುತ್ತಾನೆ, ವರ್ಷಕ್ಕೆ ಎರಡು ಸಲ ಬರುತ್ತಾನೆ. ನನ್ನ ಗಂಡ ಸುಶಾಂತ್ ಮರವಂತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ನಾನು ಮಗಳನ್ನು ಕರೆದುಕೊಂಡು ವಂಡ್ಸೆಗೆ, ತಾಯಿಮನೆಗೆ ಬಂದೆ. ಹದಿನಾಲ್ಕು ತಿಂಗಳಾಯಿತು. ನಮ್ಮಲ್ಲಿ ಅಳಿಯಸಂತಾನ, ಮನೆ ಹೆಣ್ಣುಮಕ್ಕಳದು. ಎಷ್ಟು ದಿನ ಇರುತ್ತೀ ಎಂದು ಯಾರೂ ಕೇಳುವುದಿಲ್ಲ. ಆದರೆ ಉಪ್ಪಿನ ಭರಣಿ ಎಲ್ಲಿದೆ ಎಂದು ನಾನು ಅನಿಷಾಳನ್ನು ಕೇಳಬೇಕು.

ಅವಳು ಮೀನು ಕೊಯ್ಯುವಾಗ ಬೆಕ್ಕು ಕೂಡ ಗಲಾಟೆ ಮಾಡುವುದಿಲ್ಲ. ಅವಳು ಹಾಕಿದ ಜಡೆ ಸಂಜೆ ತನಕ ನಿಲ್ಲುತ್ತದೆ. ನಾನು ಹಾಕಿದ್ದು ಶಾಲೆಯ ವ್ಯಾನು ಬರುವ ಮೊದಲೇ ಸಡಿಲ.

ಈ ಹದಿನಾಲ್ಕು ತಿಂಗಳಲ್ಲಿ ನನಗೆ ಅಳು ಬರಲಿಲ್ಲ. ಹಸಿವೂ ಸರಿಯಾಗಿ ಗೊತ್ತಾಗುವುದಿಲ್ಲ. ಹೊಟ್ಟೆಕಿಚ್ಚು ಮಾತ್ರ ಗೊತ್ತಾಗುತ್ತಿತ್ತು. ರಾತ್ರಿ ಒಂಬತ್ತಕ್ಕೆ, ಪಕ್ಕದ ಕೋಣೆಯಿಂದ ಮಗಳ ನಗು ಕೇಳಿದಾಗ.

ಮರಿಗಳನ್ನು ಪೇಟೆಯ ಗುಡ್ಡಣ್ಣನಿಂದ ತಂದೆ. ಮನೆಯಲ್ಲಿ ಕಾವಿಗೆ ಕೂತ ಹೇಂಟೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ, ನಾನು ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು. ರಟ್ಟಿನ ಪೆಟ್ಟಿಗೆಯಲ್ಲಿ ಉಮಿ ಹರಡಿದೆ. ಅರವತ್ತು ವ್ಯಾಟಿನ ಹಳೇ ತರದ ಬಲ್ಬು ಕುಂದಾಪುರದಲ್ಲಿ ಮೂರು ಅಂಗಡಿ ಹುಡುಕಿದ ಮೇಲೆ ಸಿಕ್ಕಿತು. ಮೊದಲ ವಾರ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ ವಾರಕ್ಕೆ ಐದು ಕಡಿಮೆ. ಪೆಟ್ಟಿಗೆಯ ಅಂಚಿಗೆ ಥರ್ಮಾಮೀಟರ್ ಸಿಕ್ಕಿಸಿ, ಎಲ್ಲವನ್ನೂ ನನ್ನ ಮಂಚದ ಪಕ್ಕ ಇಟ್ಟೆ.

ತೃಷಾ ದಿಂಬು ಹಿಡಿದುಕೊಂಡು ಬಂದಳು. ನಾನು ಗೆದ್ದೆ ಎಂದುಕೊಂಡೆ.

ಕತ್ತಲಾದದ್ದೇ ಮರಿಗಳು ಕೂಗತೊಡಗಿದವು. ಹನ್ನೆರಡೂ ಒಟ್ಟಿಗೆ, ಚಿಂವ್ ಚಿಂವ್ ಎಂದು, ಉಸಿರು ತೆಗೆಯದೆ. ಬಲ್ಬು ಮೇಲೆತ್ತಿದೆ. ಕೆಳಗಿಳಿಸಿದೆ. ನೀರಿಟ್ಟೆ.

"ಅವ್ಕೆ ಎಂತ ಬೇಕಾಯಿತ್ ಅಮ್ಮ?"

"ಎಂತ ಇಲ್ಲ. ಬಿಸಿ ಸರಿ ಇತ್ತ್."

"ಸರಿ ಇದ್ರೆ ಕೂಗುದ್ ಎಂತಕ್ಕೆ?"

ನಾನು ಥರ್ಮಾಮೀಟರ್ ಮತ್ತೊಮ್ಮೆ ನೋಡಿದೆ. ಅವಳು ಸ್ವಲ್ಪ ಹೊತ್ತು ಕಿವಿ ಮುಚ್ಚಿ ಮಲಗಿದಳು. ಆಮೇಲೆ ಎದ್ದು ದಿಂಬು ತೆಗೆದುಕೊಂಡಳು.

"ನಾ ಅತ್ತೆ ಹತ್ರ ಹೋತೆ. ಇಲ್ ನಿದ್ರಿ ಬತ್ತಿಲ್ಲ."

ಬೆಳಿಗ್ಗೆ ಅಮ್ಮ ಗಂಜಿ ಬಡಿಸುತ್ತಾ, "ಹೆಣೆ, ನಿನ್ ಕೋಳಿಮರಿ ಎಂಎಸ್ಸಿಗೆ ಓದ್ತಿತ್ತಾ ಹೆಂಗೆ? ರಾತ್ರಿಯಿಡೀ ಬಾಯಿಪಾಠ!" ಎಂದಳು. ಅನಿಷಾ ನಗಲಿಲ್ಲ. ಅವಳು ನಗದೆ ಇದ್ದದ್ದು ನನಗೆ ಇನ್ನೂ ಕೆಟ್ಟದೆನಿಸಿತು.

ಎರಡನೆಯ ರಾತ್ರಿಯೂ ಹಾಗೆಯೇ. ಒಂಬತ್ತೂವರೆಗೆ ಅನಿಷಾ ಬಾಗಿಲಲ್ಲಿ ನಿಂತಳು.

"ಅತ್ತಿಗೆ, ಒಂದ್ಸಲ ಕಾಣ್ಲಕ್ಕಾ?"

ಬೇಡ ಎನ್ನಲು ಕಾರಣ ಸಿಗಲಿಲ್ಲ. ಅವಳು ಕುಕ್ಕರಗಾಲಲ್ಲಿ ಕೂತು, ಎರಡೂ ಅಂಗೈಗಳನ್ನು ಮರಿಗಳ ಮೇಲೆ ಮೆಲ್ಲಗೆ ಹರಡಿದಳು. ಮರಿಗಳು ಅದರಡಿಗೆ ನುಗ್ಗಿದವು. ಕೂಗು ನಿಂತಿತು. ನಿಂತೇ ಬಿಟ್ಟಿತು.

ತೃಷಾ ಬಾಯಿ ತೆರೆದು ನೋಡುತ್ತಿದ್ದಳು. ಮರಿಗಳನ್ನಲ್ಲ, ಅನಿಷಾಳ ಮುಖವನ್ನು.

"ಅವ್ಕೆ ಬೆನ್ನ್ ಮೇಲೆ ಎಂತಾರೂ ಮುಟ್ಟಿಕಂಡ್ ಇರ್ಕ್ ಅತ್ತಿಗೆ. ಹೇಂಟಿ ಇದ್ದಿದ್ರೆ ರೆಕ್ಕಿ ಇರ್ತಿತ್ತ್. ಈ ಬಲ್ಬಿಗೆ ರೆಕ್ಕಿ ಇತ್ತಾ?"

"ನಂಗೊತ್ತಿತ್ತ್" ಎಂದೆ. ಗೊತ್ತಿರಲಿಲ್ಲ.

"ಪೆಟ್ಗಿ ನನ್ ಕೋಣಿಗ್ ತಕಂಡ್ ಹೋತೆ. ನೀವ್ ಆರಾಮಲ್ ಮನಿಕಣಿ."

"ಎಲ್ಲ ನಿನ್ ಕೋಣಿಗೇ ಬೇಕಾ?"

ಅವಳು ಕೈ ತೆಗೆದಳು. ಮರಿಗಳು ಮತ್ತೆ ಶುರು ಮಾಡಿದವು. ಅವಳು ಎದ್ದು ಹೋದಳು. ಹಿಂದೆಯೇ ತೃಷಾ, ದಿಂಬು ಎಳೆದುಕೊಂಡು.

ಬಾಗಿಲು ಹಾಕಿ ನಾನೂ ಅಂಗೈ ಹರಡಿದೆ. ಸುಮ್ಮನಾದವು. ಅವಳ ಕೈಗಾದರೆ ಇನ್ನೂ ಬೇಗ ಸುಮ್ಮನಾಗಿದ್ದವು ಅನ್ನಿಸಿತು. ತೋಳು ಮರಗಟ್ಟುವವರೆಗೆ ಹಾಗೆಯೇ ಕೂತೆ. ಕೈ ತೆಗೆದರೆ ಮತ್ತೆ ಅದೇ.

ಮರುದಿನ ಭಾನುವಾರ. ಸಂಜೆ ಅನಿಷಾ ಒಂದು ಬಿದಿರಿನ ಕೋಲು ಸೀಳಿ ತಂದಳು. ಪೆಟ್ಟಿಗೆಗೆ ಅಡ್ಡವಾಗಿ ಕೋಲಿಟ್ಟು, ಅದರಿಂದ ಬಟ್ಟೆಯ ಪಟ್ಟಿಗಳನ್ನು ಒತ್ತೊತ್ತಾಗಿ ಇಳಿಬಿಟ್ಟರೆ ಮರಿಗಳು ಅದರಡಿ ಸೇರಿಕೊಳ್ಳುತ್ತವೆ, ಬಸ್ರೂರಿನ ತನ್ನ ಮನೆಯಲ್ಲಿ ಹಾಗೆ ಮಾಡುತ್ತಿದ್ದರು ಎಂದಳು. ಹಿಂದಿನ ರಾತ್ರಿಯ ಮಾತು ಅವಳಿಗೆ ನೆನಪೇ ಇಲ್ಲದ ಹಾಗಿತ್ತು.

"ಹಳೇ ಬಟ್ಟಿ ಬೇಕ್, ಮೆತ್ತಂದ್. ಹೊಸ್ತ್ ಆತಿಲ್ಲ, ಬಿರ್ಸ್ ಇರತ್ತ್."

"ನನ್ ಸೀರಿ ಎಲ್ಲ ನೈಲಾನ್ ಮಾರಾಯ್ತಿ, ಮರಿ ಜಾರಿ ಬಿದ್ದೊತ್ತ್" ಎಂದಳು ಅಮ್ಮ.

"ಮೆತ್ತಂದ್ ನಂಗೊತ್ತಿತ್ತ್!" ಎಂದು ತೃಷಾ ಓಡಿದಳು.

ನನ್ನ ದಿಂಬಿನಡಿಯಿಂದ ಸುಶಾಂತನ ಅಂಗಿ ತಂದಳು. ನೀಲಿ ಚೌಕುಳಿಯದ್ದು. ಹೋಗುವ ಹಿಂದಿನ ದಿನ ಬಿಚ್ಚಿ ಕುರ್ಚಿಯ ಮೇಲೆ ಹಾಕಿದ್ದ. ಅದನ್ನು ನಾನು ಒಗೆದಿರಲಿಲ್ಲ.

ಕಸಿದುಕೊಂಡೆ. ಒಂದು ಗುಂಡಿ ಕಿತ್ತು ಉಮಿಯೊಳಗೆ ಬಿತ್ತು. "ಅದ್ ಮುಟ್ಬೇಡ ಅಂದಿದ್ನಿಲ್ಯಾ!" ನನ್ನ ದನಿ ಅಷ್ಟು ಜೋರಾಗಿ ಬಂದು ಬಹಳ ದಿನಗಳಾಗಿದ್ದವು.

ಅವಳು ಅಳಲಿಲ್ಲ. ನನ್ನನ್ನೇ ನೋಡಿದಳು.

"ನೀ ದಿನಾ ಅದನ್ನೇ ತಬ್ಕಂಡ್ ಮನಿಕಂತಿ. ಗೋಡಿ ಬದಿಗ್ ತಿರ್ಗಿ. ನಂಗೆ ನಿನ್ ಬೆನ್ನ್ ಮಾತ್ರ ಕಾಣತ್ತ್." ಅನಿಷಾಳ ಕಡೆ ಕೈ ತೋರಿಸಿದಳು, "ಅತ್ತೆ ನನ್ ಬದಿಗ್ ತಿರ್ಗಿ ಮನಿಕಂತ್ರ್."

ಅನಿಷಾ ಬಿದಿರಿನ ಸಿಬಿರು ಕೀಳುತ್ತಾ ತಲೆ ತಗ್ಗಿಸಿದ್ದಳು.

"ನಿಂಗ್ ಗೊತ್ತಿತ್ತಾ?" ಕೇಳಿದೆ.

"ಮಗು ದಿನಾ ಹೇಳತ್ತ್ ಅತ್ತಿಗೆ. ನಿಮ್ಗ್ ನಾ ಹೆಂಗ್ ಹೇಳುದ್?"

ನನ್ನ ಮಗಳು ದಿನಾ ಹೇಳುವ ಮಾತು ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಆಗಲೂ ಮೊದಲು ಬಂದದ್ದು ಆ ಉರಿಯೇ. ಉಳಿದದ್ದು ತಡವಾಗಿ, ಕೋಣೆಯಲ್ಲಿ ಒಬ್ಬಳೇ ಇದ್ದಾಗ ಬಂತು. ನಾನು ಆರು ತಿಂಗಳು ಅನಿಷಾಳ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಅದಕ್ಕೂ ಮೊದಲು ನನ್ನ ಮಗಳು, ಇದೇ ಮಂಚದ ಮೇಲೆ, ಒಂದು ಅಂಗಿಯ ಮೇಲೆ ಪಟ್ಟಿದ್ದಳು.

ಆ ರಾತ್ರಿ ಮರಿಗಳು ಕೂಗುತ್ತಲೇ ಇದ್ದವು. ನಾನು ಅಂಗಿಯನ್ನು ಮೂಸಿ ನೋಡಿದೆ. ಅವನ ವಾಸನೆ ಕಂಕುಳ ಹೊಲಿಗೆಯಲ್ಲಿ ಮಾತ್ರ ಉಳಿದಿತ್ತು. ಬೇರೆ ಕಡೆಯೆಲ್ಲ ನನ್ನದೇ.

ಸೋಮವಾರ ತೃಷಾ ಶಾಲೆಯಿಂದ ಬಂದು ಹಾಲು ಕುಡಿದ ಮೇಲೆ, ಕತ್ತರಿ ತಾ ಎಂದೆ. ಅವಳು ಅನಿಷಾಳ ಕತ್ತರಿ ತಂದಳು. ಅಂಗಿಯ ಒಂದು ತುದಿ ಅವಳು ಹಿಡಿದಳು, ನಾನು ಕತ್ತರಿಸಿದೆ. ಬೆನ್ನಿನ ಭಾಗದಲ್ಲಿ ಒಳ್ಳೆಯ ಉದ್ದ ಪಟ್ಟಿಗಳಾದವು. ತೋಳುಗಳು ಗಿಡ್ಡ. ಕಾಲರು ದಪ್ಪ, ಕತ್ತರಿಗೆ ಬಗ್ಗಲಿಲ್ಲ. ಅದನ್ನು ಕಪಾಟಿನಲ್ಲಿಟ್ಟೆ. ಅಷ್ಟು ಮಾತ್ರ.

ಪಟ್ಟಿಗಳನ್ನು ಬಿದಿರಿನ ಕೋಲಿಗೆ ಕಟ್ಟುತ್ತಿದ್ದಾಗ ಅಮ್ಮ ಬಾಗಿಲಿಗೆ ಬಂದಳು, ನೀಲಿ ಬಟ್ಟೆ ನೋಡಿದಳು, ಬಾಯಿ ತೆರೆದಳು. ಆಮೇಲೆ ಹೇಳಿದ್ದು ಇಷ್ಟೇ: "ತುದಿ ಉಮಿಗ್ ತಾಗ್ಲಿ. ಮೇಲಾಯ್ತ್."

ಇಳಿಸಿ ಕಟ್ಟಿದೆವು. ಬಲ್ಬನ್ನು ಪೆಟ್ಟಿಗೆಯ ಒಂದು ಮೂಲೆಗೆ ಸರಿಸಿ, ಮೇಲೆ ಅರ್ಧಕ್ಕೆ ಗೋಣಿ ಹೊದೆಸಿದೆ. ಒಂದು ಮರಿ ಪಟ್ಟಿಗಳ ನಡುವೆ ತಲೆ ತೂರಿಸಿ ಹಿಂದೆ ಬಂತು. ಮತ್ತೆ ತೂರಿಸಿತು. ಅದರ ಹಿಂದೆ ಇನ್ನೊಂದು. ಒಂಬತ್ತರ ಹೊತ್ತಿಗೆ ಹನ್ನೆರಡೂ ಒಳಗಿದ್ದವು. ಕೂಗು ಕಡಿಮೆಯಾಗಿ ಟುರ್ರ್ ಎಂಬ ಸಣ್ಣ ಸದ್ದಾಯಿತು. ಬಳಿಕ ಅದೂ ಇಲ್ಲ.

ಅನಿಷಾ ಬಂದು ಬಗ್ಗಿ ನೋಡಿದಳು. "ಲಾಯ್ಕಾಯ್ತ್ ಅತ್ತಿಗೆ." ಹೊರಡಲಿಲ್ಲ. ನನ್ನ ಮಂಚದ ಮೇಲೆ ಎರಡನೆಯ ದಿಂಬು ಇತ್ತು. "ತೃಷಾ, ಕಥಿ ಬ್ಯಾಡ್ದಾ ಇವತ್ತ್?"

"ಬ್ಯಾಡ. ಮರಿಗೆ ಎಚ್ಚರ ಆತ್ತ್."

"ಅಕ್ಕ್" ಎಂದು ಒಪ್ಪಿ ಅನಿಷಾ ಹೋದಳು. ನನಗೆ ಸಂತೋಷವಾಯಿತು. ಒಳ್ಳೆಯ ಸಂತೋಷವಲ್ಲ. ಅವಳ ಕೋಣೆಯ ದೀಪ ಬಹಳ ಹೊತ್ತು ಉರಿಯುತ್ತಿತ್ತು. ಆರಿತೇ ಎಂದು ನಾನು ಎರಡು ಸಲ ತಲೆಯೆತ್ತಿ ನೋಡಿದೆ.

ನಾನು ಅಭ್ಯಾಸದಂತೆ ಗೋಡೆಯ ಕಡೆ ತಿರುಗಿದ್ದೆ. ಬೆನ್ನಿಗೆ ಒಂದು ಬೆರಳು ಚುಚ್ಚಿತು.

"ಈ ಬದಿ."

ತಿರುಗಿದೆ. ತೃಷಾ ಒಂದು ಕಾಲನ್ನು ನನ್ನ ಹೊಟ್ಟೆಯ ಮೇಲೆ ಹಾಕಿ, ಸ್ವಲ್ಪ ಹೊತ್ತು ನನ್ನ ಮುಖವನ್ನೇ ಕಾವಲು ಕಾದಳು. ಆಮೇಲೆ ನಿದ್ದೆ ಹೋದಳು.

ಅವಳ ಆಚೆಗೆ ಪೆಟ್ಟಿಗೆ ಕಾಣುತ್ತಿತ್ತು. ಹನ್ನೆರಡು ಮರಿಗಳು ಅವನ ಅಂಗಿಯೊಳಗೆ ಮಲಗಿದ್ದವು. ಕಂಕುಳ ಹೊಲಿಗೆಯಿದ್ದ ಪಟ್ಟಿ ನಡುವಿನಲ್ಲಿತ್ತು. ಅದರಡಿ ಮಲಗಿದ ಮರಿಗಳ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ, ಎದ್ದು ಅದೊಂದನ್ನು ಬಿಚ್ಚಿಕೊಂಡು ಬರೋಣ ಎಂದುಕೊಂಡೆ.

ಹೊಟ್ಟೆಯ ಮೇಲೆ ಮಗಳ ಕಾಲಿತ್ತು. ಸರಿಸಿದರೆ ಎಚ್ಚರವಾಗುತ್ತಿತ್ತು. ನಾನು ಏಳಲಿಲ್ಲ.