ಬಾಣ ಸಿಗದ ಚೀಟಿ

ಹಳದಿ ಚೀಟಿಯೊಂದರ ಅಂಟು ಬಿಟ್ಟಿದೆ, ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿದೆ, ಅವನು ಹೆಬ್ಬೆರಳಿನಿಂದ ಒತ್ತಿದ, ಬಿಟ್ಟ, ಮತ್ತೆ ಎದ್ದಿತು — ಹನ್ನೊಂದಕ್ಕೆ ಮೀಟಿಂಗು, ಇನ್ನು ಇಪ್ಪತ್ತು ನಿಮಿಷ, ಬೋರ್ಡಿನ ಮೇಲೆ ನಲವತ್ತೊಂದು ಚೀಟಿ, ಒಂದೊಂದರಲ್ಲೂ ಒಂದು ಕಾರಣ, ಒಂದರಿಂದ ಇನ್ನೊಂದಕ್ಕೆ ಬಾಣ, ಸುತ್ತಿ ಬಳಸಿ ಎಲ್ಲವೂ ಸೇರುವುದು ಬಲತುದಿಯ ಕೆಂಪು ಚೀಟಿಗೆ, ಸೋಪಿನ ಪುಡಿಯ ಚೀಲಗಳು ತೂಕ ಕಡಿಮೆಯೆಂದು ವಾಪಸು ಬರುತ್ತಿವೆ, ಹುಟ್ಟುವುದು ಎಡತುದಿಯ ಒಂದೇ ಚೀಟಿಯಿಂದ, ತೂಕ ಮಾಡುವವಳ ಅಜಾಗರೂಕತೆ. ಕಾರ್ಖಾನೆಯಲ್ಲಿ ಏನು ತಪ್ಪಿದರೂ ಕಾರಣದ ನಕ್ಷೆ ಬರೆಯುವುದೇ ಅವನ ಕೆಲಸ, ಇಷ್ಟು ಚೊಕ್ಕದ್ದನ್ನು ಹಿಂದೆಂದೂ ಬರೆದಿರಲಿಲ್ಲ, ಮ್ಯಾನೇಜರು ಒಪ್ಪಿದರೆ ಸಂಜೆಯೊಳಗೆ ತೂಕದಕ್ಕನ ಕೆಲಸ ಹೋಗುತ್ತದೆ, ಇಪ್ಪತ್ತೆರಡು ವರ್ಷ ಒಂದೇ ತಕ್ಕಡಿಯ ಮುಂದೆ ನಿಂತವಳು, ಬೆಳಗ್ಗೆ ಹಾದುಹೋಗುವಾಗ ಗಾಜಿನ ಆಚೆಯಿಂದ ಏನೋ ಹೇಳಿದಳು, ತುಟಿ ಆಡಿತು, ಕೇಳಿಸಲಿಲ್ಲ, ಅವನು ಸುಮ್ಮನೆ ತಲೆಯಾಡಿಸಿ ಬಂದ.

ಜೇಬಿನಲ್ಲಿ ನಲವತ್ತೆರಡನೆಯದು. ಬಾಣ ಸಿಗದ ಚೀಟಿಯನ್ನು ಮೀಟಿಂಗಿಗೆ ಮೊದಲೇ ಕಿತ್ತುಬಿಡಬೇಕು, ಅವನೇ ಮಾಡಿದ ನಿಯಮ, ಅದರಲ್ಲಿ ಮೊನ್ನೆ ವಿಚಾರಿಸಿದಾಗ ತೂಕದಕ್ಕ ಹೇಳಿದ ಮಾತು, ಬೆಳಗ್ಗಿಂದ ಸಂಜೆವರೆಗೂ ನನ್ನ ಯಾರೂ ಮಾತಾಡ್ಸಲ್ಲ ಸಾರ್ — ಅಲ್ಲಮ್ಮಾ, ತೂಕ ಯಾಕೆ ತಪ್ತಿದೆ ಅಂತ ಕೇಳಿದ್ರೆ ಇದೇನು ಹೇಳ್ತೀರಿ — ಕೇಳಿದ್ರಲ್ಲ, ಹೇಳ್ದೆ. ಆ ಮಾತನ್ನು ಅವನೇ ತನ್ನ ಬಗ್ಗೆ ಬರೆಯಬಹುದಿತ್ತು, ಅವನನ್ನು ಕಂಡರೆ ಕೆಲಸದವರು, ಬಾಣದ ಸಾರ್ ಬಂದ್ರು, ಬಾಯಿ ಮುಚ್ಕೊಳ್ರೋ, ಕ್ಯಾಂಟೀನಿನ ಬೆಂಚು ಖಾಲಿ, ಹೆಂಡತಿ ಹೋದ ಮೇಲೆ ಮನೆಯಲ್ಲಿ ಮಾತಾಡುವುದು ಫ್ರಿಜ್ಜೊಂದೇ, ಮಗಳು ಫೋನಿನಲ್ಲಿ, ಅಪ್ಪಾ, ಎಲ್ಲದಕ್ಕೂ ಯಾಕೆ ಯಾಕೆ ಅಂತೀರಿ, ಚೆನ್ನಾಗಿದ್ದೀಯಾ ಅಂತ ಒಂದ್ಸಲ ಕೇಳಿ — ಕೇಳಬೇಕು, ನಿಜವಾಗಿ ಆಸೆಯಿತ್ತು, ಆದರೆ ಬಾಯಿಗೆ ಬರುವುದು ಅದೊಂದೇ, ಯಾಕೆ, ತೂಕದಕ್ಕನನ್ನು ಯಾಕೆ ಯಾರೂ ಮಾತಾಡಿಸುವುದಿಲ್ಲ, ಗಾಜು ಇದೆಯಲ್ಲ, ಗಾಜು ಯಾಕೆ, ಹರಟೆ ನಿಲ್ಲಲಿ ಅಂತ, ಯಾರು ಹಾಕಿಸಿದ್ದು —

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಹೋದ ವರ್ಷ ಅವನೇ ಬರೆದ ನಕ್ಷೆ, ಹರಟೆಯಿಂದ ಬಾಣ, ವಿಳಂಬಕ್ಕೆ, ಪರಿಹಾರ ತೂಕಕ್ಕೂ ಪ್ಯಾಕಿಂಗಿಗೂ ನಡುವೆ ಗಾಜಿನ ಗೋಡೆ, ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅದಕ್ಕೆ ಮೊದಲು ಪ್ಯಾಕಿಂಗಿನಲ್ಲಿ ಚೀಲ ಎತ್ತುವ ಹೆಂಗಸರು ಕೂಗುತ್ತಿದ್ದರು, ಅಕ್ಕಾ, ಇದ್ಯಾಕೋ ಹಗುರ, ತಟ್ಟೆ ಒರ್ಸೇ, ಅವಳು ನಗುತ್ತ ತಕ್ಕಡಿಯ ತಟ್ಟೆಗೆ ಮೆತ್ತಿದ ಪುಡಿಯನ್ನು ಕೆರೆದು ಒರೆಸುತ್ತಿದ್ದಳು, ಈಗ ಕೂಗಿದರೆ ಯಾರಿಗೆ ಕೇಳುತ್ತದೆ, ಪುಡಿ ಮೆತ್ತುತ್ತದೆ, ತಕ್ಕಡಿ ಅದನ್ನೂ ಸೇರಿಸಿ ತೂಗುತ್ತದೆ, ಚೀಲದಲ್ಲಿ ಅಷ್ಟು ಕಡಿಮೆ. ಊರಿನ ತಪ್ಪಿಗೆಲ್ಲ ಬಾಣ ಬರೆದವನು ತನ್ನ ಬುಡ ನೋಡಿಕೊಳ್ಳಲಿಲ್ಲ.

ಹೊರಗೆ ಬೂಟಿನ ಸದ್ದು. ಅಜಾಗರೂಕತೆಯನ್ನು ಕಿತ್ತ, ಆ ಜಾಗಕ್ಕೆ ಅವಳ ಚೀಟಿ ಅಂಟಿಸಿದ, ಅದರ ಹಿಂದೆ ಇನ್ನೊಂದು ಚೀಟಿ, ಗಾಜು ಎಂದು ಬರೆದ, ಬಾಣ ಎಳೆದ, ಅದಕ್ಕೂ ಹಿಂದೆ ಖಾಲಿ ಚೀಟಿ, ಐವತ್ತೆಂಟರ ವಯಸ್ಸಿನಲ್ಲಿ ತನಗೆ ಇನ್ನೆಲ್ಲಿ ಕೆಲಸ ಸಿಗುತ್ತದೆ, ನಾನು ಎಂದು ಬರೆದ. ಬಾಗಿಲು ತೆರೆಯಿತು, ಮ್ಯಾನೇಜರು, ಏನ್ರೀ, ನಕ್ಷೆ ರೆಡೀನಾ, ಯಾರದಂತೆ ತಪ್ಪು? ಹೇಳಬೇಕು, ಈಗಲೇ, ಬಾಯಿ ತೆರೆದ — ಬೆಳಗ್ಗೆ ಅವಳು ಹೇಳಿದ್ದಾದರೂ ಏನು, ನಮಸ್ಕಾರವೋ, ತಟ್ಟೆಯ ವಿಷಯವೋ, ಚೆನ್ನಾಗಿದ್ದೀರಾ ಅಂತಲೋ — ಕಣ್ಣ ಮುಂದೆ, ಗಾಜಿನ ಆಚೆ ಅವಳ ತುಟಿ ಆಡುತ್ತಿದೆ, ಸದ್ದಿಲ್ಲ, ತುಟಿ ಆಡುತ್ತಲೇ ಇದೆ