ಬಾಯಿ ತೆರೆದವರಿಗೆಲ್ಲ ಒಂದು ಅಧ್ಯಾಯ

ಹಲ್ಲಿನ ಡಾಕ್ಟರುಗಳಿಗೆ ಒಂದು ವಿಚಿತ್ರ ಚಟವಿರುತ್ತದೆ. ಬಂದವರ ಬಾಯಿ ಅಗಲಿಸಿ, ಎರಡೂ ಕೆನ್ನೆಗೆ ಹತ್ತಿ ತುರುಕಿ, ಜೊಲ್ಲು ಹೀರುವ ಕೊಳವೆ ಸಿಕ್ಕಿಸಿ, ಆಮೇಲೆ ವಿಚಾರಿಸುತ್ತಾರೆ: ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ, ಮಗ ಏನು ಓದುತ್ತಿದ್ದಾನೆ? ಪಾಪದ ಪ್ರಾಣಿ ಏನು ತಾನೇ ಹೇಳೀತು. ನಮ್ಮ ಕಥೆಯ ಚಿಕ್ಕಮ್ಮನೂ ಇದೇ ಪೈಕಿ. ಉತ್ತರ ಕೊಡಲಾರದವರ ಜೊತೆ ವರ್ಷಗಟ್ಟಲೆ ಹರಟೆ ಹೊಡೆದು ಹೊಡೆದು, ಉತ್ತರ ಕೊಡಬಲ್ಲವರು ಸುಮ್ಮನಾದರೆ ಏನು ಮಾಡಬೇಕೆಂಬುದೇ ಅವಳಿಗೆ ಮರೆತುಹೋಗಿತ್ತು.

ಹಾಗೆ ಸುಮ್ಮನಾದವಳು ಅವಳ ಅಕ್ಕನ ಮಗಳು. ಚಿಕ್ಕಂದಿನಲ್ಲಿ ಆ ಹುಡುಗಿ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಫೋನ್ ಎತ್ತಿಕೊಂಡರೆ ಕಿವಿ ಬಿಸಿಯಾಗುವವರೆಗೂ ಬಿಡುತ್ತಿರಲಿಲ್ಲ. ಚಿಕ್ಕಮ್ಮನೇ ಅವಳಿಗೆ ಪಟಾಕಿ ಎಂದು ಹೆಸರಿಟ್ಟಿದ್ದಳು. ಹೋದ ವರ್ಷದ ಹುಟ್ಟುಹಬ್ಬಕ್ಕೆ ಚಿಕ್ಕಮ್ಮ ಒಂದು ಪುಸ್ತಕ ಕೊಟ್ಟಳು. ಪೇಸ್ಟ್ ಕಂಪನಿಯವರು ಪುಕ್ಕಟೆ ಹಂಚಿದ್ದು. ಅದರ ನಾಯಕ ಒಂದು ದವಡೆ ಹಲ್ಲು, ಅದಕ್ಕೆ ಟೋಪಿ ಬೇರೆ. ಹನ್ನೊಂದು ತುಂಬಿದ ಹುಡುಗಿ ಟೋಪಿ ಹಾಕಿದ ಹಲ್ಲನ್ನೊಮ್ಮೆ, ಚಿಕ್ಕಮ್ಮನನ್ನೊಮ್ಮೆ ನೋಡಿ “ಥ್ಯಾಂಕ್ಸ್” ಎಂದಳು. ಅಷ್ಟೇ. ಅಲ್ಲಿಂದ ಪಟಾಕಿ ಠುಸ್ಸಾಯಿತು. ಈಗ ಫೋನಿನಲ್ಲಿ ಹೂಂ, ಉಹೂಂ, ಅಮ್ಮನಿಗೆ ಕೊಡ್ತೀನಿ, ಮೂರೇ ಮಾತು. ದೊಡ್ಡವಳಾಗ್ತಿದಾಳೆ ಕಣೇ, ಎಲ್ಲರ ಜೊತೆಗೂ ಹಂಗೇ, ತಲೆ ಕೆಡಿಸ್ಕೋಬೇಡ ಎಂದು ಅಕ್ಕ ಸಮಾಧಾನ ಹೇಳಿದ್ದಳು. ಚಿಕ್ಕಮ್ಮ ಚೆನ್ನಾಗಿಯೇ ತಲೆ ಕೆಡಿಸಿಕೊಂಡಳು. ಇನ್ನೊಂದು ಥ್ಯಾಂಕ್ಸ್ ಕೇಳಿದರೆ ಈ ಹುಡುಗಿ ಕೈಬಿಟ್ಟುಹೋದಳೆಂದೇ ಲೆಕ್ಕ ಎಂಬ ಭಯ ಅವಳಿಗೆ ಹತ್ತಿಕೊಂಡಿತ್ತು. ಈ ಸಲದ ಪುಸ್ತಕ ಅವಳ ಬಾಯಿ ಬಿಡಿಸಲೇಬೇಕು.

ಪುಸ್ತಕದಂಗಡಿಯಾಕೆ ಒಳ್ಳೆಯವಳು, ಆದರೆ ಕೇಳಬಾರದ ಪ್ರಶ್ನೆ ಕೇಳಿದಳು. ಹುಡುಗಿ ಎಂಥವಳು?

ಚಿಕ್ಕಮ್ಮ ಉತ್ಸಾಹದಿಂದ ಶುರುಮಾಡಿದಳು. ಮೇಲಿನ ಎಡಗಡೆ ಕೋರೆಹಲ್ಲು ಸ್ವಲ್ಪ ಮುಂದಕ್ಕಿದೆ, ಕೆಳಗೆ ಜಾಗ ಸಾಲದು, ಹುಳುಕು ಒಂದೂ ಇಲ್ಲ, ವಸಡಂತೂ ಬಂಗಾರ. ಅಂಗಡಿಯಾಕೆ ತಾಳ್ಮೆಯಿಂದ ಕೇಳಿಸಿಕೊಂಡು, ಅಲ್ಲಮ್ಮಾ, ಏನಿಷ್ಟ ಅವಳಿಗೆ ಎಂದಳು. ಚಿಕ್ಕಮ್ಮ ಬಾಯಿ ತೆರೆದಳು. ಏನೂ ಬರಲಿಲ್ಲ. ಅಯ್ಯೋ ಶಿವನೇ, ಹಲ್ಲು ಬಿಟ್ಟರೆ ಈ ಮಗುವಿನ ಬಗ್ಗೆ ನನಗೆ ಏನೂ ಗೊತ್ತಿಲ್ಲವಲ್ಲ ಎಂದು ಅವಳಿಗೆ ಆಗ ಅರಿವಾಯಿತು. ಅವಳ ಮುಖ ನೋಡಿದ ಅಂಗಡಿಯಾಕೆ ಮೂರು ಪುಸ್ತಕ ಆರಿಸಿ ಕೈಗಿಟ್ಟಳು. ನೀವೇ ಓದಿ ನೋಡಿ, ಬೇಡದ್ದು ವಾಪಸ್ ತನ್ನಿ, ಜೋಪಾನ ಎಂದಳು.

ಓದುವುದಕ್ಕೆ ಪುರುಸೊತ್ತೆಲ್ಲಿ? ಬೆಳಗಿನಿಂದ ಸಂಜೆವರೆಗೆ ಕ್ಲಿನಿಕ್ಕು. ನಡುವೆ ಸಿಗುವ ಬಿಡುವೆಂದರೆ ಒಂದೇ: ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಜೋಮು ಹಿಡಿಯುವವರೆಗಿನ ಹೊತ್ತು. ಮರುದಿನ ಕುರ್ಚಿಯ ಮೇಲೆ ಸಿಟಿ ಬಸ್ಸಿನ ಕಂಡಕ್ಟರ್ ಮಲಗಿದ್ದ. ಚುಚ್ಚಿದ್ದಾಯಿತು. ಚಿಕ್ಕಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು ಮೊದಲ ಪುಸ್ತಕ ತೆರೆದಳು. ಅವಳಿಗೊಂದು ಅಭ್ಯಾಸ, ಮನಸ್ಸಿನೊಳಗೆ ಓದಲು ಬಾರದು, ತುಟಿ ಆಡಲೇಬೇಕು, ದನಿ ಹೊರಡಲೇಬೇಕು. ಒಬ್ಬ ಹುಡುಗಿ ತನ್ನ ಮೇಕೆಯನ್ನು ಕಟುಕರಿಂದ ಉಳಿಸಲು ಅದನ್ನು ಕಂಬಳಿಯಲ್ಲಿ ಸುತ್ತಿ, ಅಜ್ಜಿ ಎಂದು ಸುಳ್ಳು ಹೇಳಿ ಹಡಗು ಹತ್ತಿಸಿದಳು. ಹಡಗಿನ ಕ್ಯಾಪ್ಟನ್ ಬಂದು ಅಜ್ಜಿಗೆ ನಮಸ್ಕಾರ ಹೇಳಿದ. ಅಜ್ಜಿ ಅವನ ಟೋಪಿ ತಿಂದಿತು. ಅಷ್ಟರಲ್ಲಿ ಜೋಮು ಹಿಡಿದಿತ್ತು. ಚಿಕ್ಕಮ್ಮ ಪುಸ್ತಕ ಮುಚ್ಚಿ ಇಕ್ಕಳ ಎತ್ತಿಕೊಂಡಳು. ಕಂಡಕ್ಟರ್ ಬಾಯಿ ಮುಚ್ಚಿಬಿಟ್ಟ.

ನೋವಾಯ್ತಾ ಎಂದು ಕೇಳಿದರೆ ಅಡ್ಡಡ್ಡ ತಲೆಯಾಡಿಸಿ ಪುಸ್ತಕದ ಕಡೆ ಬೆರಳು ತೋರಿಸಿದ. ಊದಿದ ತುಟಿಯಲ್ಲಿ “ಆಏಏ?” ಎಂದ. ಆಮೇಲೆ ಎಂದರ್ಥ. ಇನ್ನೆರಡು ಪುಟ ಓದುವವರೆಗೂ ಅವನು ಹಲ್ಲು ಕೊಡಲಿಲ್ಲ.

ಚಿಕ್ಕಮ್ಮನಿಗೆ ಆಗಲೇ ಹೊಳೆದದ್ದು. ಅರೆರೇ, ಕ್ಲಿನಿಕ್ಕಿಗೆ ಇಷ್ಟು ಜನ ಬರುತ್ತಾರೆ, ಓದಿ ಹೇಳಿದರಾಯಿತಲ್ಲ! ಯಾವ ಪುಸ್ತಕಕ್ಕೆ ಬಾಯಿ ಮುಚ್ಚಲು ಮರೆಯುತ್ತಾರೋ ಅದೇ ಪಟಾಕಿಗೆ. ಅಂದಿನಿಂದ ಬಾಯಿ ತೆರೆದವರಿಗೆಲ್ಲ ಒಂದೊಂದು ಅಧ್ಯಾಯ. ಎರಡನೆಯ ಪುಸ್ತಕದಲ್ಲಿ ಶಾಲೆಯ ಗಂಟೆ ಕಳುವಾಗಿ ಇಡೀ ಊರಿಗೆ ರಜೆ ಸಿಕ್ಕಿತ್ತು. ಮೂರನೆಯದರಲ್ಲಿ ಅಣ್ಣ ತಂಗಿ ಸೇರಿ ಹಾಳು ಬಾವಿಯಿಂದ ನಕ್ಷತ್ರ ನೋಡುವ ಯಂತ್ರ ಕಟ್ಟುತ್ತಿದ್ದರು. ಎರಡಕ್ಕೂ ಒಳ್ಳೆಯ ಮರ್ಯಾದೆಯೇ ಸಿಕ್ಕಿತು, ಸುಳ್ಳೇಕೆ. ಆದರೆ ಮೇಕೆಯ ಮುಂದೆ ಯಾವುದರ ಆಟವೂ ನಡೆಯಲಿಲ್ಲ.

ಕೋರ್ಟಿನಲ್ಲಿ ಎದುರಾಳಿಗೆ ಉಸಿರೆತ್ತಲು ಬಿಡದ ವಕೀಲರೊಬ್ಬರು ಬಂದರು. ಹಲ್ಲಿನ ಅಚ್ಚು ತೆಗೆಯಬೇಕಿತ್ತು. ಬಾಯಿಗೆ ಪೇಸ್ಟ್ ತುಂಬಿ, ಗಟ್ಟಿಯಾಗುವ ತನಕ ಎಂದು ಚಿಕ್ಕಮ್ಮ ಪುಸ್ತಕ ತೆರೆದಳು. ಅಷ್ಟರಲ್ಲಿ ಮೇಕೆ ಸಮುದ್ರಕ್ಕೆ ಬಿದ್ದಿತು. ಅದನ್ನು ಹೊರಗೆ ತೆಗೆಯದೆ ಓದು ನಿಲ್ಲಿಸುವುದುಂಟೇ? ಮೇಕೆ ದಡ ಸೇರುವ ಹೊತ್ತಿಗೆ ವಕೀಲರ ಕಣ್ಣಲ್ಲಿ ಧಾರಾಕಾರ ನೀರು, ಬಾಯಲ್ಲಿ ಅಚ್ಚು ಗಟ್ಟಿ ಕೂತು ಜಪ್ಪಯ್ಯ ಎಂದರೂ ಬರಲೊಲ್ಲದು. ನರ್ಸಮ್ಮ ಭುಜ ಹಿಡಿದುಕೊಂಡಳು, ಚಿಕ್ಕಮ್ಮ ಎಳೆದಳು. ಪಳಕ್ಕೆಂದು ಬಂದ ಮೇಲೆ ವಕೀಲರು ಕರವಸ್ತ್ರದಿಂದ ಮುಖ ಒರೆಸಿಕೊಂಡು, ಇನ್ನೊಂದು ಅಚ್ಚು ತೆಗೆಯುವುದಿದ್ದರೆ ತೆಗೆಯಿರಿ, ನನಗೇನೂ ಅವಸರವಿಲ್ಲ ಎಂದರು.

ಸುದ್ದಿ ಹಬ್ಬಿತು. ಹಲ್ಲು ಗಟ್ಟಿಮುಟ್ಟಾಗಿದ್ದವರೆಲ್ಲ ಕೆನ್ನೆ ಹಿಡಿದುಕೊಂಡು ಬರತೊಡಗಿದರು. ಎಲ್ಲಿ ನೋವು ಎಂದರೆ ಎಲ್ಲೆಲ್ಲೋ ತೋರಿಸುತ್ತಿದ್ದರು. ನೆಂಟರನ್ನು ನೋಡಲು ಬಂದವರಂತೆ ಹೊರಗಿನ ಬೆಂಚಿನಲ್ಲಿ ಒತ್ತೊತ್ತಾಗಿ ಕೂತು, ಒಳಗಿನ ಬಾಗಿಲು ಸ್ವಲ್ಪ ತೆಗೆದೇ ಇಡಿ, ಸೆಖೆ ಎನ್ನುತ್ತಿದ್ದರು.

“ಡಾಕ್ಟ್ರೇ, ಇದು ಕ್ಲಿನಿಕ್ಕೋ, ಸಿನಿಮಾ ಟಾಕೀಸೋ?” ಎಂದು ನರ್ಸಮ್ಮ ಮೂಗು ಮುರಿದಳು. ಹಾಗೆಂದವಳು ಖಾಲಿ ಟ್ರೇ ಹಿಡಿದುಕೊಂಡು ಬಾಗಿಲ ಬಳಿಯೇ ನಿಂತಿದ್ದಳು. ಅಲ್ಲಿಂದ ಕದಲಿದ್ದು ಅಧ್ಯಾಯ ಮುಗಿದ ಮೇಲೆ.

ಕೊನೆಗೆ ಯಾವ ಪುಸ್ತಕ ಒಳ್ಳೆಯದೆಂದು ಕೈಯೆತ್ತಿಸಿ ಕೇಳಿದ್ದಾಯಿತು. ಕುರ್ಚಿಯಲ್ಲಿ ಮಲಗಿದ್ದವರೂ ಎರಡೆರಡು ಕೈ ಎತ್ತಿದರು. ಮೇಕೆಗೇ ಗೆಲುವು. ಚಿಕ್ಕಮ್ಮನ ಕಾಲು ನೆಲದ ಮೇಲೆ ನಿಲ್ಲಲೊಲ್ಲದು. ಊರಿಗೆ ಊರೇ ಬಾಯಿ ಬಿಟ್ಟುಕೊಂಡು ಕೇಳಿದ ಕಥೆಗೆ ಪಟಾಕಿ ಎಲ್ಲಿ ಹೋಗುತ್ತಾಳೆ! ಓದಿ ಓದಿ ಮೂಲೆ ಮಡಚಿಹೋದ ಪ್ರತಿಯನ್ನೂ ಉಳಿದೆರಡನ್ನೂ ತಾನೇ ಇಟ್ಟುಕೊಂಡು, ಮೇಕೆಯ ಹೊಸ ಪ್ರತಿಯೊಂದನ್ನು ಕೊಂಡು, ಬಣ್ಣದ ಕಾಗದ ಸುತ್ತಿಸಿ, ರಿಬ್ಬನ್ ಕಟ್ಟಿಸಿ ಹುಟ್ಟುಹಬ್ಬಕ್ಕೆ ಹೊರಟಳು.

ಹುಡುಗಿ ರಿಬ್ಬನ್ ಬಿಚ್ಚಿದಳು. ಕಾಗದ ಹರಿದಳು. ಮುಖಪುಟದಲ್ಲಿ ಹಡಗು, ಹಡಗಿನಲ್ಲಿ ಕಂಬಳಿ ಹೊದ್ದ ಮೇಕೆ. ಚಿಕ್ಕಮ್ಮ ಉಸಿರು ಬಿಗಿಹಿಡಿದು ತುದಿಗಾಲಲ್ಲಿ ನಿಂತಿದ್ದಳು.

“ಥ್ಯಾಂಕ್ಸ್,” ಎಂದಳು ಹುಡುಗಿ. ಪುಸ್ತಕವನ್ನು ಮೇಜಿನ ಮೇಲಿಟ್ಟು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಚಿಕ್ಕಮ್ಮ ಇಂಗು ತಿಂದ ಮಂಗನಂತೆ ನಿಂತಳು. ಅಕ್ಕ ಅಡುಗೆಮನೆಯಿಂದ, ಬಿಡೇ, ಆಮೇಲೆ ಓದ್ತಾಳೆ ಎಂದಳು. ಬಿಡುವುದೆಲ್ಲಿಂದ ಬಂತು? ಚಿಕ್ಕಮ್ಮ ಪುಸ್ತಕ ಎತ್ತಿಕೊಂಡು ಹೋಗಿ ಬಾಗಿಲು ತಟ್ಟಿದಳು. ಒಳಗಿನಿಂದ ಹೂಂ ಎಂದದ್ದನ್ನು ಬಾ ಎಂದು ತಿಳಿದು ಒಳಗೆ ಹೋದಳು. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಇಷ್ಟ ಆಗಲಿಲ್ವಾ ಪುಟ್ಟಾ, ಬೇರೆ ತರಲಾ ಎಂದು ಚಿಕ್ಕಮ್ಮ ಕೇಳಿದಳು. ಕಥೆ ಚೆನ್ನಾಗಿದೆ ಕಣೇ, ಮೇಕೆ ಅಂತೂ...

“ಗೊತ್ತು. ಟೋಪಿ ತಿನ್ನತ್ತೆ. ನೀರಿಗೆ ಬೀಳತ್ತೆ. ಸಾಯಲ್ಲ.”

ಚಿಕ್ಕಮ್ಮ ಕಕ್ಕಾಬಿಕ್ಕಿ. ನಿಂಗೆ ಹೇಗೆ ಗೊತ್ತು?

ಕಂಡಕ್ಟರ್! ಹುಡುಗಿ ಶಾಲೆಗೆ ಹೋಗುವುದು ಅವನ ಬಸ್ಸಿನಲ್ಲೇ. ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತು ಉಳಿದ ಕಥೆಯನ್ನೂ ಕೇಳಿಕೊಂಡಿದ್ದ ಅವನು ಟಿಕೆಟ್ ಹರಿಯುತ್ತಾ ಹರಿಯುತ್ತಾ ಅದನ್ನು ಇಡೀ ಬಸ್ಸಿಗೆ ಹೇಳಿ ಮುಗಿಸಿದ್ದ. ಡಾಕ್ಟರಮ್ಮ ಎಷ್ಟು ಚೆನ್ನಾಗಿ ಓದುತ್ತಾರೆ, ಮೇಕೆಗೆ ಒಂದು ದನಿ, ಕ್ಯಾಪ್ಟನ್ನಿಗೆ ಒಂದು ದನಿ ಎಂದು ನಿಲ್ದಾಣ ನಿಲ್ದಾಣಕ್ಕೂ ಹೊಗಳಿದ್ದ. ಹುಡುಗಿ ಕಿಟಕಿ ಪಕ್ಕ ಕೂತು ದಿನಾ ಅದನ್ನು ಕೇಳಿದ್ದಳು. ಚಿಕ್ಕಮ್ಮ ತಲೆ ಚಚ್ಚಿಕೊಂಡಳು. ಉಡುಗೊರೆ ಕೈ ಸೇರುವ ಮೊದಲೇ ಹಳಸಿಹೋಗಿತ್ತಲ್ಲ!

ನಾಳೆಯೇ ಬೇರೆ ಪುಸ್ತಕ ತರುತ್ತೇನೆ, ಯಾರೂ ಕೇಳಿರದ್ದು, ಕಂಡಕ್ಟರಿಗೆ ಸುಳಿವೂ ಸಿಗದ್ದು ಎಂದು ಚಿಕ್ಕಮ್ಮ ಬಡಬಡಿಸಿದಳು. ಹುಡುಗಿ ಥಟ್ಟನೆ ಎದ್ದು ಕೂತಳು. ಮುಖ ಕೆಂಪಾಗಿತ್ತು.

“ನಂಗೆ ಬೇರೆ ಪುಸ್ತಕ ಬೇಡ. ಊರವರಿಗೆಲ್ಲ ಓದಿ ಹೇಳ್ತೀಯ. ಹಲ್ಲು ನೋವಿಲ್ದೇ ಇರೋವ್ರಿಗೂ ಓದ್ತೀಯ. ನಂಗೆ ಮಾತ್ರ ಕಾಗದ ಸುತ್ತಿ ಕೊಟ್ಬಿಡ್ತೀಯ.” ಅವಳ ದನಿ ಸಣ್ಣದಾಯಿತು. “ನಂಗೆ ಓದಕ್ಕೆ ಬಂದ್ಮೇಲೆ ಯಾರೂ ಓದಿ ಹೇಳೇ ಇಲ್ಲ. ದೊಡ್ಡವಳಾದೆ, ನೀನೇ ಓದ್ಕೋ ಅಂತೀರ.”

ಚಿಕ್ಕಮ್ಮನಿಗೆ ಹುಡುಗಿಯನ್ನು ಎಳೆದು ಅಪ್ಪಿಕೊಳ್ಳಬೇಕೆನಿಸಿತು, ಆದರೆ ಹನ್ನೆರಡು ವರ್ಷದವರು ಅದಕ್ಕೆಲ್ಲ ಒಪ್ಪುತ್ತಾರೋ ಇಲ್ಲವೋ ಎಂದು ಹೆದರಿ, ಸರ್ಕೊಳ್ಳೇ ಎಂದಳು. ಹುಡುಗಿ ಸರಿದು ಜಾಗ ಕೊಟ್ಟಳು. ಚಿಕ್ಕಮ್ಮ ಮಂಚ ಹತ್ತಿ, ದಿಂಬಿಗೆ ಒರಗಿ, ಹೊಸ ಪುಸ್ತಕದ ಮೊದಲ ಪುಟ ಬಿಚ್ಚಿದಳು. ಒಬ್ಬಳು ಹುಡುಗಿ, ಅವಳಿಗೊಂದು ಬಿಳಿ ಮೇಕೆ.

“ಬಿಳಿ ಅಲ್ಲ, ಕಪ್ಪು,” ಎಂದಳು ಹುಡುಗಿ. “ಕಂಡಕ್ಟರ್ ಕಪ್ಪು ಅಂದ್ರು.”

ಇಲ್ಲಿ ಬಿಳಿ ಅಂತಲೇ ಇದೆ ಎಂದು ಚಿಕ್ಕಮ್ಮ ತೋರಿಸಿದಳು. ಹಾಗಾದರೆ ಪುಸ್ತಕದವರೇ ತಪ್ಪು ಎಂದು ಹುಡುಗಿ ವಾದಕ್ಕೆ ನಿಂತಳು. ಕಪ್ಪು ಮೇಕೆಯಾದರೆ ಕತ್ತಲಲ್ಲಿ ಕಾಣುವುದಿಲ್ಲ, ಹಡಗು ಹತ್ತಿಸುವುದು ಸುಲಭ, ಅಷ್ಟೂ ಗೊತ್ತಾಗಲ್ವಾ. ಅದೂ ಅಲ್ಲದೆ ಕಂಡಕ್ಟರರ ಕಥೆಯಲ್ಲಿ ಕೊನೆಗೆ ಮೇಕೆಯೇ ಹಡಗು ಓಡಿಸುತ್ತದೆ, ಟಿಕೆಟ್ ಇಲ್ಲದವರನ್ನು ಹಾಯುತ್ತದೆ. ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದು ಕಂಡು ಹುಡುಗಿಗೂ ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಮಂಚ ಅಲ್ಲಾಡುವಂತೆ ನಕ್ಕರು. ಆ ನಗುವಿನ ನಡುವೆ ಹುಡುಗಿ ಶಾಲೆಯಲ್ಲಿ ಒಬ್ಬಳು ತನ್ನ ಹಿಂದೆಯೇ ಕೂತು ಜಡೆ ಎಳೆಯುವ ವಿಷಯ ಹೇಳಿದಳು, ಕಂಡಕ್ಟರ್ ಹೇಳಿದಂತೆ ಬಾವಿಯಲ್ಲಿ ನಕ್ಷತ್ರ ಕಾಣುವುದು ನಿಜವಾ ಎಂದು ಕೇಳಿದಳು, ತಾನು ಈಜು ಕಲಿಯಬೇಕು ಆದರೆ ಭಯ ಎಂದಳು, ಟೋಪಿ ಹಾಕಿದ ಹಲ್ಲು ಮಾತ್ರ ಬಹಳ ಕೆಟ್ಟದಾಗಿತ್ತು ಎಂದಳು. ಚಿಕ್ಕಮ್ಮ ಒಪ್ಪಿಕೊಂಡಳು.

ಕೇಕ್ ಕತ್ತರಿಸೋಣ ಬನ್ನಿ ಎಂದು ಅಕ್ಕ ಕರೆದಳು. ಮತ್ತೆ ಕರೆದಳು. ಬಾಗಿಲಲ್ಲಿ ಬಂದು ನಿಂತು ನೋಡಿ ಸದ್ದಿಲ್ಲದೆ ವಾಪಸಾದಳು. ಪುಸ್ತಕ ಇನ್ನೂ ಮೊದಲ ಪುಟದಲ್ಲೇ ಇತ್ತು.

“ಓದು ಮತ್ತೆ,” ಎಂದಳು ಹುಡುಗಿ.

ಚಿಕ್ಕಮ್ಮ ಬಾಯಿ ತೆರೆದಳು.

“ತಡಿ, ತಡಿ,” ಎಂದಳು ಹುಡುಗಿ. “ಒಂದ್ನಿಮಿಷ, ನಾನು ಹೇಳೋದು ಕೇಳು ಮೊದ್ಲು.”